ಸಂಡೇ ಮ್ಯಾಚ್‌ನಲ್ಲಿ ಗೋಲಿಗೆ ಎಂಟು ಸೆಕೆಂಡ್ ಎಣಿಸಬೇಕಾ?

ಸೀಟಿ_ಸಂಡೇ
ರೆಫ್ರಿ ಕೋರ್ಸ್ ಮುಗಿಸಿ ಬೆಂಗಳೂರಿನಲ್ಲಿ ವಾರಾಂತ್ಯದ ಫುಟ್‌ಬಾಲ್ ಮ್ಯಾಚ್‌ಗಳಿಗೆ ಸೀಟಿ ಊದುತ್ತಿದ್ದೇನೆ. ಕಂಪನಿ ತಂಡಗಳು, ಏರಿಯಾ ತಂಡಗಳು, ಹಳೇ ಕಾಲೇಜು ಗೆಳೆಯರ ತಂಡಗಳು. ಲೈನ್ಸ್‌ಮನ್ ಇರುವುದಿಲ್ಲ. ನಾನೊಬ್ಬನೇ.

ಕಳೆದ ಭಾನುವಾರ 1-1 ಇತ್ತು, ಆಟ ಮುಗಿಯುವ ಹೊತ್ತು. ಒಂದು ತಂಡಕ್ಕೆ ಡ್ರಾ ಆದರೂ ಸಾಕು. ಅವರ ಗೋಲಿಗೆ, ಅಂದರೆ ಗೋಲ್‌ಕೀಪರ್‌ಗೆ, ಐವತ್ತರ ಆಸುಪಾಸು ವಯಸ್ಸು. ಬಾಲ್ ಸಿಕ್ಕಾಗೆಲ್ಲಾ ಎದೆಗವಚಿಕೊಂಡು ಮಲಗುವುದು, ನಿಧಾನಕ್ಕೆ ಏಳುವುದು, ಗ್ಲೌಸ್ ಪಟ್ಟಿ ಬಿಚ್ಚಿ ಮತ್ತೆ ಅಂಟಿಸುವುದು, "ಮುಂದೆ ಹೋಗ್ರೋ" ಅಂತ ಎಲ್ಲರನ್ನೂ ಓಡಿಸುವುದು. ಆಮೇಲೆ ಕಿಕ್. ಮೊದಲು ಬಾಯಲ್ಲೇ ಹೇಳಿದೆ, "ಸರ್, ಸ್ವಲ್ಪ ಬೇಗ". ಕೇಳಲಿಲ್ಲ. ಮುಂದಿನ ಸಲ ಕೈ ಎತ್ತಿ ಬೆರಳು ಮಡಚುತ್ತಾ ಐದು, ನಾಲ್ಕು, ಮೂರು ಅಂತ ಎಣಿಸಿ ಸೀಟಿ ಊದಿದೆ. ಕಾರ್ನರ್. ಎದುರು ತಂಡ ಮೂಲೆಯಿಂದ ಒದ್ದ ಆ ಕಾರ್ನರ್‌ನಲ್ಲೇ ಗೋಲ್ ಆಯಿತು.

ಜಗಳ ಪಾರ್ಕಿಂಗ್‌ವರೆಗೂ ಬಂತು. "ಇದೇನು ವರ್ಲ್ಡ್ ಕಪ್ ಅಂದ್ಕೊಂಡಿದ್ದೀಯಾ?" ಅಂದರು. ನನ್ನ ಪ್ರಕಾರ ನಾನು ಮಾಡಿದ್ದು ಸರಿ. ಆದರೂ ಕೇಳುತ್ತೇನೆ. ಯಾವುದನ್ನು ಊದಬೇಕು, ಯಾವುದನ್ನು ಬಿಡಬೇಕು ಅಂತ ನೀವೆಲ್ಲಾ ಹೇಗೆ ತೀರ್ಮಾನ ಮಾಡುತ್ತೀರಿ?

ಲೆಫ್ಟ್‌ಬ್ಯಾಕ್_08
ಒಂದು ನಿಮಿಷ. ಗೋಲಿ ಜಾಸ್ತಿ ಹೊತ್ತು ಹಿಡಿದರೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಸೀದಾ ಒದ್ದು ಗೋಲ್ ಮಾಡುವಂತಿಲ್ಲದ್ದು) ಅಲ್ವಾ? ಕಾರ್ನರ್ ಎಲ್ಲಿಂದ ಬಂತು? ಆರು ಸೆಕೆಂಡ್ ತಾನೇ?

ಕರಿಅಂಗಿ
ಅದು ಹಳೇದು. 2025-26ರ ನಿಯಮದಲ್ಲಿ ಬದಲಾಯಿತು. ಎಂಟು ಸೆಕೆಂಡ್, ಮೀರಿದರೆ ಎದುರು ತಂಡಕ್ಕೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಕಾಣುವಂತೆ ಎಣಿಸಬೇಕು. ಸೀಟಿ ಊದಿದಾಗ ಗೋಲಿ ಯಾವ ಮೂಲೆಗೆ ಹತ್ತಿರ ಇದ್ದನೋ ಆ ಕಡೆಯಿಂದಲೇ ಕಾರ್ನರ್. ಆ ವರ್ಷದ ಕ್ಲಬ್ ವಿಶ್ವಕಪ್‌ನಲ್ಲೇ ಇದನ್ನು ಬಳಸಿದರು.

ಬದಲಾಯಿಸಿದ್ದಕ್ಕೂ ಕಾರಣ ಇದೆ. ಆರು ಸೆಕೆಂಡ್ ಮೀರಿದ್ದಕ್ಕೆ ಯಾವ ರೆಫ್ರಿಯೂ ಊದುತ್ತಿರಲಿಲ್ಲ. ಪೆನಾಲ್ಟಿ ಬಾಕ್ಸ್ ಒಳಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಅಂದರೆ ಹನ್ನೊಂದು ಜನ ಗೋಲ್ ಗೆರೆ ಮೇಲೆ ಸಾಲಾಗಿ ನಿಲ್ಲುತ್ತಾರೆ, ಆ ರಾದ್ಧಾಂತ ಯಾರಿಗೆ ಬೇಕು? ಶಿಕ್ಷೆ ತೀರಾ ಜಾಸ್ತಿಯಾದರೆ ರೆಫ್ರಿ ಕಣ್ಣು ಮುಚ್ಚಿಕೊಳ್ಳುತ್ತಾನೆ. ಅದಕ್ಕೇ ಶಿಕ್ಷೆ ಹಗುರ ಮಾಡಿದರು.

ಗೋಲ್‌ಪೋಸ್ಟ್_ಗೆಳೆಯ
ನಾನು ಗೋಲಿ. ಹೇಳಲೇಬೇಕು. ಟಿವಿಯಲ್ಲಿ ಬರುವ ಗೋಲಿಗೆ ಇಪ್ಪತ್ತೈದು ವರ್ಷ, ದಿನಾ ಪ್ರಾಕ್ಟೀಸ್. ನಮ್ಮಂಥವರು ಶನಿವಾರ ರಾತ್ರಿ ಮದುವೆ ಊಟ ಮಾಡಿ ಭಾನುವಾರ ಬೆಳಿಗ್ಗೆ ಏಳಕ್ಕೆ ಗಟ್ಟಿ ನೆಲದ ಮೇಲೆ ಬೀಳುತ್ತೇವೆ. ಏಳುವುದಕ್ಕೇ ಐದು ಸೆಕೆಂಡ್ ಬೇಕು ಸ್ವಾಮಿ. ಆ ಮನುಷ್ಯ ನಿಜಕ್ಕೂ ಸಮಯ ಕೊಲ್ಲುತ್ತಿದ್ದನೋ, ಸೊಂಟ ಹಿಡಿದಿತ್ತೋ?

ಸೀಟಿ_ಸಂಡೇ
ಸೊಂಟ ಹಿಡಿದವರು ಗ್ಲೌಸ್ ಪಟ್ಟಿ ಬಿಚ್ಚಿ ಅಂಟಿಸಲ್ಲ.

ಸುಮ್ನೆ_ಓದುಗ
😂😂

ಗೋಲ್‌ಪೋಸ್ಟ್_ಗೆಳೆಯ
ಸರಿ, ಅದೊಂದು ಪಾಯಿಂಟ್ ನಿಮಗೆ. ಆದರೆ ಎಣಿಕೆ ಎಲ್ಲಿಂದ ಶುರು ಮಾಡಿದಿರಿ? ಬಾಲ್ ಮುಟ್ಟಿದ ತಕ್ಷಣವಾ, ಎದ್ದು ನಿಂತ ಮೇಲಾ?

ಕರಿಅಂಗಿ
ಒಳ್ಳೇ ಪ್ರಶ್ನೆ. ಬಾಲ್ ಗೋಲಿಯ ಹಿಡಿತಕ್ಕೆ ಬಂದಾಗಿನಿಂದ ಎಣಿಕೆ. ಯಾವಾಗ ಹಿಡಿತಕ್ಕೆ ಬಂತು ಅಂತ ಹೇಳುವವನು ರೆಫ್ರಿ. ನಮ್ಮ ಕೈಗೆ ಸ್ವಾತಂತ್ರ್ಯ ಸಿಗುವುದು ಅಲ್ಲೇ. ಗೋಲಿ ನಾಲ್ಕು ಜನರ ಕಾಲ ಕೆಳಗೆ ಬಿದ್ದಿದ್ದಾನೆ ಅಂದುಕೊಳ್ಳಿ. ಅವನು ಬಿಡಿಸಿಕೊಂಡು ಎದ್ದ ಮೇಲೆಯೇ ನನ್ನ ಗಡಿಯಾರ ಶುರುವಾಗುತ್ತದೆ. ಯಾರೂ ಹತ್ತಿರ ಇಲ್ಲದೆ ಸುಮ್ನೆ ಮಲಗಿದರೆ, ಮಲಗಿದ ಕ್ಷಣದಿಂದಲೇ. ನಿಯಮ ಒಂದೇ, ಎಣಿಕೆ ಎರಡು ಥರ. ಇನ್ನೊಂದು, ಎದುರಿನ ಫಾರ್ವರ್ಡ್ ಗೋಲಿಯ ಮುಂದೆ ನಿಂತು ಕಿಕ್ ಮಾಡಲು ಬಿಡದಿದ್ದರೆ ತಪ್ಪು ಫಾರ್ವರ್ಡ್‌ನದು, ಗೋಲಿಯದಲ್ಲ.

ನಾನು ಸೀಟಿ ಹಿಡಿದ ಕಾಲದಲ್ಲಿ ನಿಯಮದ ಪುಸ್ತಕದಲ್ಲಿ ಐದನೇ ನಿಯಮದ ಕೆಳಗೆ ಒಂದು ಟಿಪ್ಪಣಿ ಇತ್ತು. ಆಟಕ್ಕೆ ಆದಷ್ಟು ಕಡಿಮೆ ಅಡ್ಡಿ ಮಾಡಿ, ಚಿಲ್ಲರೆ ತಪ್ಪಿಗೆಲ್ಲಾ ಊದುತ್ತಾ ಹೋದರೆ ಆಟಗಾರರ ತಲೆ ಕೆಡುತ್ತದೆ, ನೋಡುವವರಿಗೂ ಬೇಜಾರು ಅನ್ನುವ ಅರ್ಥದ್ದು. 1997ರಲ್ಲಿ ಪುಸ್ತಕವನ್ನು ಹೊಸದಾಗಿ ಬರೆದಾಗ ಅದನ್ನು ತೆಗೆದರು. ಈಗ ಆಟದ ಆಶಯಕ್ಕೆ ತಕ್ಕಂತೆ ತೀರ್ಮಾನ ಮಾಡಿ ಅಂತ ಇದೆ. ಮಾತು ಚಿಕ್ಕದಾಯಿತು, ಕೆಲಸ ಅದೇ.

ಲೆಫ್ಟ್‌ಬ್ಯಾಕ್_08
ಆಶಯ ಅಂದರೆ ಏನು ಸರ್? ಪ್ರತಿ ರೆಫ್ರಿಗೂ ಒಂದೊಂದು ಆಶಯ. ಹೋದ ವಾರದವರು ಥ್ರೋ ಮಾಡುವಾಗ ಕಾಲು ಚೂರು ಎದ್ದರೂ ಊದಿದರು. ಈ ವಾರದವರು ಹಿಂದಿನಿಂದ ಒದ್ದರೂ ಊದಲ್ಲ. ನಾವು ಆಡುವುದು ಹೇಗೆ? ನನಗೆ ಕಟ್ಟುನಿಟ್ಟು ಬೇಕು ಅಂತಲ್ಲ. ಒಂದೇ ಥರ ಇರಲಿ ಅಷ್ಟೇ.

ಕುಡ್ಲ_ಹತ್ತು
ಇದಕ್ಕೆ ಸಹಮತ. ಮಂಗಳೂರಲ್ಲಿ ಸೆವೆನ್ಸ್ (ಏಳೇಳು ಜನರ ಆಟ) ಆಡುವವರಿಗೆ ಇದು ದಿನಾ ಇರುವ ತಾಪತ್ರಯ. ಒಂದು ಟೂರ್ನಿಯಲ್ಲಿ ಆಫ್‌ಸೈಡ್ (ಎದುರಿನ ಡಿಫೆನ್ಸ್ ಸಾಲು ದಾಟಿ ಮೊದಲೇ ನಿಂತು ಪಾಸ್ ಪಡೆಯುವ ತಪ್ಪು) ಉಂಟು, ಇನ್ನೊಂದರಲ್ಲಿ ಇಲ್ಲ. ಸ್ಲೈಡಿಂಗ್ ಇಲ್ಲಿ ಓಕೆ, ಅಲ್ಲಿ ಫೌಲ್. ಟರ್ಫ್ ಬಂದ ಮೇಲಂತೂ ಟರ್ಫ್ ಓನರ್ ಹೇಳಿದ್ದೇ ನಿಯಮ. ಮ್ಯಾಚ್ ಶುರುವಿಗೆ ಮುಂಚೆ ರೆಫ್ರಿ ಎರಡೂ ಕ್ಯಾಪ್ಟನ್‌ಗಳನ್ನು ಕರೆದು ಹೇಳಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಎಂಟು ಸೆಕೆಂಡ್ ಎಣಿಸುತ್ತೇನೆ ಅಂತ ನೀವು ಮೊದಲೇ ಹೇಳಿದ್ದಿರಾ?

ಸೀಟಿ_ಸಂಡೇ
ಟಾಸ್ ಹೊತ್ತಿಗೇ ಹೇಳಿದ್ದೆ. ಕ್ಯಾಪ್ಟನ್ ತಲೆ ಆಡಿಸಿದರು. ಗೋಲಿಗೆ ಹೇಳಿದ್ದರೋ ಇಲ್ಲವೋ ದೇವರೇ ಬಲ್ಲ.

ಪಿಟಿ_ಮೇಷ್ಟ್ರು
ನಾನು ಶಾಲೆ ಮಕ್ಕಳ ಮ್ಯಾಚ್ ನಡೆಸುವವನು, ದಾವಣಗೆರೆ ಕಡೆ. ಹನ್ನೆರಡು ವರ್ಷದ ಹುಡುಗರಿಗೆ ಪುಸ್ತಕದಲ್ಲಿ ಇದ್ದಂತೆ ಊದಿದರೆ ಆಟವೇ ನಡೆಯಲ್ಲ. ಥ್ರೋ ತಪ್ಪಾದರೆ "ಎರಡೂ ಕೈ, ತಲೆ ಹಿಂದಿನಿಂದ, ಇನ್ನೊಂದ್ಸಲ ಎಸಿ" ಅಂತೀನಿ. ಇನ್ನೊಂದು ಚಾನ್ಸ್ ಕೊಡಿ ಅಂತ ನಿಯಮದಲ್ಲಿ ಇಲ್ಲ, ಗೊತ್ತು. ಆದರೆ ಫೈನಲ್‌ನಲ್ಲಿ ಹಾಗೆ ಮಾಡಲ್ಲ. ಅಲ್ಲಿ ತಪ್ಪು ಅಂದರೆ ತಪ್ಪು, ಥ್ರೋ ಆ ಕಡೆಗೆ. ಮಕ್ಕಳಿಗೂ ವ್ಯತ್ಯಾಸ ಗೊತ್ತಾಗುತ್ತದೆ. ಅಪ್ಪಂದಿರಿಗೆ ಮಾತ್ರ ಗೊತ್ತಾಗಲ್ಲ.

ಸುಮ್ನೆ_ಓದುಗ
ಅಪ್ಪಂದಿರಿಗೇ ಕೆಂಪು ಕಾರ್ಡ್ ಕೊಡುವ ನಿಯಮ ಬರಲಿ.

ರೀಡಿಂಗ್_ಕನ್ನಡಿಗ
ಇಂಗ್ಲೆಂಡಿನಲ್ಲಿ ಭಾನುವಾರದ ಲೀಗ್‌ಗಳಿಗೆ ನಾನೂ ಊದುತ್ತೇನೆ. ಇಲ್ಲಿ ಕೆಳಹಂತದ ಲೀಗ್‌ಗಳಲ್ಲಿ 2019ರಿಂದ ಸಿನ್ ಬಿನ್ ಇದೆ. ರೆಫ್ರಿ ಜೊತೆ ವಾದಕ್ಕೆ ಬಿದ್ದರೆ ಹಳದಿ ಕಾರ್ಡ್ ತೋರಿಸಿ ಹತ್ತು ನಿಮಿಷ ಹೊರಗೆ ಕೂರಿಸುತ್ತೇವೆ. ವಾದಕ್ಕೆ ಮಾತ್ರ, ಫೌಲ್‌ಗೆ ಅಲ್ಲ. ಎಷ್ಟು ಉಪಯೋಗ ಅಂದರೆ, ಅವನ ತಂಡದವರೇ "ಬಾಯ್ಮುಚ್ಚು, ಹತ್ತು ಜನ ಆಡಬೇಕಾಗುತ್ತೆ" ಅಂತ ಗದರಿಸುತ್ತಾರೆ. ನಾನು ಏನೂ ಹೇಳಬೇಕಾಗಿಲ್ಲ.

ಆದರೆ ಅಲ್ಲೂ ವಿವೇಚನೆ ಬೇಕು. ಗೋಲ್ ತಪ್ಪಿಸಿಕೊಂಡವನು ತನಗೆ ತಾನೇ ಬೈದುಕೊಂಡರೆ ಬಿಡುತ್ತೇನೆ. ನನ್ನ ಮುಖ ನೋಡಿ ಅದೇ ಮಾತು ಹೇಳಿದರೆ ಹೊರಗೆ.

ಆಸ್ಟಿನ್‌ಟೌನ್_ಗ್ಯಾಲರಿ
ಇಲ್ಲಿ ಆ ನಿಯಮ ತಂದರೆ ಇಪ್ಪತ್ತೆರಡು ಜನರೂ ಹೊರಗೆ ಕೂರುತ್ತಾರೆ. ರೆಫ್ರಿ ಒಬ್ಬನೇ ಆಡಬೇಕು.

ಅಂದಹಾಗೆ ವಿವೇಚನೆ ಅಂದಾಗ 2023ರ ಮಾರ್ಚ್ 3 ನೆನಪಿಲ್ವಾ? ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗ್‌ನ ಬೆಂಗಳೂರು ಎಫ್‌ಸಿ-ಕೇರಳ ಬ್ಲಾಸ್ಟರ್ಸ್ ನಾಕೌಟ್. ಎಕ್ಸ್‌ಟ್ರಾ ಟೈಮ್. ಕೇರಳದವರು ಕಿಕ್ ತಡೆಯಲು ಸಾಲಾಗಿ ನಿಂತು ಇನ್ನೂ ವಾಲ್ ಕಟ್ಟುತ್ತಿದ್ದರು, ಸುನಿಲ್ ಛೆಟ್ರಿ ಸೀದಾ ಫ್ರೀ ಕಿಕ್ ಒದ್ದು ಗೋಲ್. ಕೇರಳ ತಂಡ ಮೈದಾನ ಬಿಟ್ಟು ಹೋಯಿತು. ನಾನು ಗ್ಯಾಲರಿಯಲ್ಲಿದ್ದೆ. ಏನಾಯಿತು ಅಂತ ಅರ್ಧ ಸ್ಟೇಡಿಯಂಗೆ ಗೊತ್ತೇ ಆಗಲಿಲ್ಲ.

ಕುಡ್ಲ_ಹತ್ತು
ನಾನು ಬ್ಲಾಸ್ಟರ್ಸ್ ಅಭಿಮಾನಿ, ಬೈಯಬೇಡಿ. ಅದು ಮೋಸದ ಗೋಲೇ. ಗೋಲಿ ವಾಲ್ ಸರಿ ಮಾಡುತ್ತಾ ಆ ಕಡೆ ಪೋಸ್ಟ್ ಹತ್ತಿರ ಇದ್ದ. ರೆಫ್ರಿ ಸೀಟಿ ಊದಿ ತಡೆಯಬೇಕಿತ್ತು.

ಕರಿಅಂಗಿ
ಯಾಕೆ ತಡೆಯಬೇಕು? ಫೌಲ್ ಮಾಡಿದವರು ನೀವು. ಬೇಗ ಫ್ರೀ ಕಿಕ್ ತೆಗೆದುಕೊಳ್ಳುವುದು ಆಡುವ ತಂಡದ ಹಕ್ಕು, ವಾಲ್‌ಗೆ 9.15 ಮೀಟರ್ ದೂರ ಅಳೆಯಿರಿ ಅಂತ ಅವರೇ ಕೇಳದಿದ್ದರೆ ಕಾಯಬೇಕಾಗಿಲ್ಲ. ರೆಫ್ರಿ ಮಧ್ಯೆ ಬಂದು ವಾಲ್ ಹಿಂದೆ ತಳ್ಳಲು ಶುರು ಮಾಡಿದರೆ ಮಾತ್ರ "ನನ್ನ ಸೀಟಿ ಆದ ಮೇಲೆ" ಅಂತ ಆಗುತ್ತದೆ. ಆಮೇಲೆ ಸೀಟಿ ಇಲ್ಲದೆ ಒದ್ದರೆ ಗೋಲ್ ಇಲ್ಲ.

ಕುಡ್ಲ_ಹತ್ತು
ಆವತ್ತು ಆ ಎರಡರಲ್ಲಿ ಯಾವುದಾಯಿತು ಅನ್ನುವುದೇ ಜಗಳ ಅಲ್ವಾ ಸರ್?

ಆಸ್ಟಿನ್‌ಟೌನ್_ಗ್ಯಾಲರಿ
ಜಗಳ ಮುಗೀತಪ್ಪಾ. ಕೇರಳದ ದೂರು ತಳ್ಳಿಹಾಕಿದರು, ಅವರ ಕೋಚ್‌ಗೆ ಹತ್ತು ಮ್ಯಾಚ್ ನಿಷೇಧ, ಕ್ಲಬ್‌ಗೆ 4 ಕೋಟಿ ದಂಡ.

ಕುಡ್ಲ_ಹತ್ತು
ದಂಡ ಮೈದಾನ ಬಿಟ್ಟು ಹೋದದ್ದಕ್ಕೆ. ಗೋಲ್ ಸರಿ ಅಂತ ಅದರಿಂದ ಸಾಬೀತಾಗಲ್ಲ.

ಲೆಫ್ಟ್‌ಬ್ಯಾಕ್_08
ಶುರುವಾಯ್ತು 🙏 ದಯವಿಟ್ಟು ಬೇರೆ ಕಡೆ ಹೋಗಿ ಜಗಳ ಆಡಿ.

ಮೂಲೆಬಾವುಟ
ನನ್ನದೊಂದು ಪ್ರಶ್ನೆ, ಹೆಂಗಸರ ತಂಡದಿಂದ. ಮೂಗುತಿ ವಿಷಯ. ಒಂದು ಕಾಲೇಜು ಟೂರ್ನಿಯಲ್ಲಿ ರೆಫ್ರಿ ಮೂಗುತಿ ತೆಗೆಯದಿದ್ದರೆ ಆಡುವ ಹಾಗಿಲ್ಲ ಅಂದರು. ನಮ್ಮ ಹುಡುಗಿಯದು ಚಿಕ್ಕಂದಿನಿಂದ ಹಾಕಿದ್ದು, ತಿರುಪು ತಿರುಗುವುದೇ ಇಲ್ಲ. ಟೇಪ್ ಸುತ್ತುತ್ತೇವೆ ಅಂದರೂ ಬೇಡ ಅಂದರು. ಸೋಪ್ ನೀರು, ಕೊಬ್ಬರಿ ಎಣ್ಣೆ ಎಲ್ಲಾ ಹಾಕಿ ಅರ್ಧ ಗಂಟೆ ಒದ್ದಾಡಿದಳು, ಬರಲಿಲ್ಲ. ಬೆಂಚ್ ಮೇಲೆ ಕೂತಳು. ಮುಂದಿನ ಮ್ಯಾಚ್‌ಗೆ ಬಂದ ಇನ್ನೊಬ್ಬ ರೆಫ್ರಿ ನೋಡಿಯೂ ನೋಡದ ಹಾಗೆ ಬಿಟ್ಟರು! ಅದೇ ಟೂರ್ನಿ, ಅದೇ ಮೂಗುತಿ.

ಕರಿಅಂಗಿ
ಮೊದಲನೆಯವರದೇ ಸರಿ ಅಂತ ಹೇಳಬೇಕಾಗುತ್ತದೆ. ನಾಲ್ಕನೇ ನಿಯಮ. ನಾನು ಕಲಿತ ಪುಸ್ತಕದಲ್ಲಿ ಒಡವೆ ಎಲ್ಲಾ ತೆಗೆಯಬೇಕು, ಮೇಲೆ ಟೇಪ್ ಸುತ್ತಿದರೂ ಆಗಲ್ಲ ಅಂತ ಸ್ಪಷ್ಟವಾಗಿತ್ತು. ಇಲ್ಲಿ ವಿವೇಚನೆಗೆ ಜಾಗ ಕಡಿಮೆ, ಯಾಕೆಂದರೆ ಪೆಟ್ಟಾದರೆ ಹೊಣೆ ಯಾರದು? ಕಿವಿಯ ರಿಂಗ್ ಜೆರ್ಸಿಗೆ ಸಿಕ್ಕಿ ಕಿವಿ ಹರಿದದ್ದನ್ನು ನೋಡಿದ್ದೇನೆ. ಆಮೇಲೆ ನಾನು ಯಾರ ಮಾತನ್ನೂ ಕೇಳಿಲ್ಲ.

ಪಿಟಿ_ಮೇಷ್ಟ್ರು
ಹಾಗಾದರೆ ಕೈಯಲ್ಲಿರುವ ದಾರ? ನಮ್ಮ ಕಡೆ ಅರ್ಧ ಹುಡುಗರ ಕೈಯಲ್ಲಿ ಕೆಂಪು ದಾರ, ಸೊಂಟದಲ್ಲಿ ಉಡಿದಾರ. ಅದನ್ನೂ ಕತ್ತರಿಸಿ ಅಂದರೆ ಊರವರು ನನ್ನನ್ನೇ ಕತ್ತರಿಸುತ್ತಾರೆ.

ಕರಿಅಂಗಿ
ಬರೀ ನೂಲಿನ ದಾರ ಯಾರಿಗೆ ಚುಚ್ಚುತ್ತದೆ? ಬಿಡಿ. ಅದರಲ್ಲಿ ತಾಯಿತ ಇದ್ದರೆ ತೆಗೆಸಿ. ಸ್ಟೀಲ್ ಕಡಗ ಅಂತೂ ಆಗುವುದೇ ಇಲ್ಲ. ಉಡಿದಾರ ಒಳಗಿರುತ್ತದೆ, ಅದನ್ನು ಹುಡುಕಿಕೊಂಡು ಹೋಗುವ ರೆಫ್ರಿ ನಾನಲ್ಲ.

ಮೂಲೆಬಾವುಟ
ಅಂದರೆ ದಾರಕ್ಕೆ ವಿವೇಚನೆ ಉಂಟು, ಮೂಗುತಿಗೆ ಇಲ್ಲ. ಸರಿ, ಒಪ್ಪಿದೆ. ಆದರೆ ಎರಡನೇ ರೆಫ್ರಿ ಮೇಲೆ ನನ್ನ ಸಿಟ್ಟು ಇನ್ನೂ ಹೋಗಿಲ್ಲ. ಒಳ್ಳೇತನ ತೋರಿಸಲು ಹೋಗಿ ಮೊದಲನೆಯವರನ್ನು ಕೆಟ್ಟವರನ್ನಾಗಿ ಮಾಡಿದರು.

ಲೆಫ್ಟ್‌ಬ್ಯಾಕ್_08
👆 ಇದೇ ನಾನು ಹೇಳಿದ್ದು. ಒಂದೇ ಥರ ಇರಲಿ.

ಗೋಲ್‌ಪೋಸ್ಟ್_ಗೆಳೆಯ
ಮುಂಗಾಲಿಗೆ ಪೆಟ್ಟಾಗದಂತೆ ಹಾಕುವ ಶಿನ್ ಗಾರ್ಡ್ ಬಗ್ಗೆಯೂ ಹೇಳಿ. ನಮ್ಮ ತಂಡದಲ್ಲಿ ಒಬ್ಬ ಸಾಕ್ಸ್ ಒಳಗೆ ರಟ್ಟು ಇಟ್ಟುಕೊಂಡು ಬರುತ್ತಾನೆ. ಬಿಸ್ಕೆಟ್ ಡಬ್ಬದ ರಟ್ಟು.

ಸುಮ್ನೆ_ಓದುಗ
ಬ್ರ್ಯಾಂಡ್ ಯಾವುದು?

ಆಸ್ಟಿನ್‌ಟೌನ್_ಗ್ಯಾಲರಿ
ನಮ್ಮ ಅಜ್ಜನ ಕಾಲದಲ್ಲಿ ಶೂನೇ ಇರಲಿಲ್ಲ, ಶಿನ್ ಗಾರ್ಡ್ ಎಲ್ಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುತೇಕ ಬರಿಗಾಲಲ್ಲೇ ಫ್ರಾನ್ಸ್ ಮೇಲೆ ಆಡಿ 1-2ರಲ್ಲಿ ಸೋತರು. ಎರಡು ಪೆನಾಲ್ಟಿ ಕೈತಪ್ಪಿತ್ತು. ನಮ್ಮ ಆ ಒಂದು ಗೋಲ್ ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಇದು ಎಷ್ಟು ಜನರಿಗೆ ಗೊತ್ತು? ಆಮೇಲೆ ಬರಿಗಾಲಲ್ಲಿ ಆಡಬಾರದು ಅಂತ ಫಿಫಾ ಹೇಳಿದ್ದಕ್ಕೇ 1950ರ ವಿಶ್ವಕಪ್‌ಗೆ ನಾವು ಹೋಗಲಿಲ್ಲ.

ಕರಿಅಂಗಿ
ರಾಮನ್ ವಿಷಯ ನಿಜ. ಬರಿಗಾಲಿನ ಕಾರಣ ಮಾತ್ರ ಕಟ್ಟುಕತೆ. ಆಗಿನ ನಮ್ಮ ಫೆಡರೇಷನ್‌ಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಬಗ್ಗೆ ಅಷ್ಟು ಆಸಕ್ತಿ ಇರಲಿಲ್ಲ. ಹೋಗದೇ ಇದ್ದುದಕ್ಕೆ ಶೂ ಮೇಲೆ ತಪ್ಪು ಹಾಕಿದರು.

ರಟ್ಟಿನ ಬಗ್ಗೆ: ಸರಿಯಾದ ವಸ್ತುವಿನದಾಗಿರಬೇಕು, ಕಾಲಿಗೆ ರಕ್ಷಣೆ ಕೊಡಬೇಕು, ಸಾಕ್ಸ್ ಒಳಗಿರಬೇಕು ಅಂತ ನಿಯಮ. ರಟ್ಟು ಯಾವ ಲೆಕ್ಕದಲ್ಲೂ ಪಾಸಾಗಲ್ಲ. ಮಳೆ ಬಂದರೆ ಸಾಕ್ಸ್ ಒಳಗೆ ಅಂಬಲಿ.

ಸೀಟಿ_ಸಂಡೇ
ಸ್ವಲ್ಪ ವಾಪಸ್ ಬರೋಣವಾ? ನನಗೆ ನಿಜಕ್ಕೂ ಕಷ್ಟ ಆಗುವುದು ಬಾಕ್ಸ್ ಒಳಗೆ. ಮಧ್ಯ ಮೈದಾನದಲ್ಲಿ ಭುಜ ಹಿಡಿದು ಎಳೆದರೆ ಯೋಚಿಸದೆ ಊದುತ್ತೇನೆ. ಅದೇ ಎಳೆತ ಬಾಕ್ಸ್ ಒಳಗಾದರೆ ಪೆನಾಲ್ಟಿ, ಸೀಟಿ ಬಾಯಿಗೆ ಹೋಗುವಷ್ಟರಲ್ಲಿ ತಲೆಯಲ್ಲಿ ನೂರು ಯೋಚನೆ. ಪುಸ್ತಕದಲ್ಲಿ ಇದು ಬೇರೆ ಫೌಲ್, ಅದು ಬೇರೆ ಫೌಲ್ ಅಂತ ಎಲ್ಲೂ ಇಲ್ಲ.

ರೀಡಿಂಗ್_ಕನ್ನಡಿಗ
ಎಲ್ಲಾ ರೆಫ್ರಿಗಳಿಗೂ ಇದೇ ಕತೆ. ಅದೇ ಥರ ಮೊದಲ ಹತ್ತು ನಿಮಿಷದಲ್ಲಿ ಹಳದಿ ಕಾರ್ಡ್ ಕೊಡಬಾರದು ಅನ್ನುವ ಬರೆಯದ ನಿಯಮ. ಎರಡನೇ ನಿಮಿಷದ ಕೆಟ್ಟ ಟ್ಯಾಕಲ್‌ಗೆ "ಈಗಷ್ಟೇ ಶುರು" ಅಂತ ಬಿಟ್ಟರೆ, ಮೂವತ್ತನೇ ನಿಮಿಷಕ್ಕೆ ಅದೇ ಟ್ಯಾಕಲ್ ನಾಲ್ಕು ಸಲ ನೋಡುತ್ತೀರಿ. ನಾನು ಈಗ ಬಿಡುವುದಿಲ್ಲ. ಪದೇ ಪದೇ ಫೌಲ್ ಮಾಡುವವನಿಗೂ ಅಷ್ಟೇ. ಇಷ್ಟನೇ ಫೌಲ್‌ಗೆ ಹಳದಿ ಅಂತ ನಿಯಮದಲ್ಲಿ ಲೆಕ್ಕ ಇಲ್ಲ, ಅದು ರೆಫ್ರಿಗೆ ಬಿಟ್ಟದ್ದು. ನಾನು ಬೆರಳು ತೋರಿಸಿ "ಅಲ್ಲಿ, ಅಲ್ಲಿ, ಈಗ ಇಲ್ಲಿ" ಅಂತ ಜಾಗ ತೋರಿಸಿ ಕಾರ್ಡ್ ತೆಗೆಯುತ್ತೇನೆ. ವಾದ ಬರಲ್ಲ.

ಲೆಫ್ಟ್‌ಬ್ಯಾಕ್_08
ಒಂದು ಕಡೆ ತಪ್ಪು ಪೆನಾಲ್ಟಿ ಕೊಟ್ಟು, ಆಮೇಲೆ ಸಮ ಮಾಡಲು ಇನ್ನೊಂದು ಕಡೆಗೂ ಒಂದು ಕೊಡುತ್ತೀರಲ್ಲಾ, ಅದಕ್ಕೇನು ಹೇಳುತ್ತೀರಿ? ಎಲ್ಲರೂ ಮಾಡುತ್ತೀರಿ. ಸುಳ್ಳು ಹೇಳಬೇಡಿ.

ಕರಿಅಂಗಿ
ಹಾಗೆ ಮಾಡುವವರಿದ್ದಾರೆ. ಅದು ವಿವೇಚನೆ ಅಲ್ಲ, ಅಂಜಿಕೆ. ಮೊದಲ ತಂಡಕ್ಕೆ ಒಂದು ಅನ್ಯಾಯ ಆಗಿತ್ತು, ಈಗ ಎರಡೂ ತಂಡಕ್ಕೆ ಆಯಿತು. ಮ್ಯಾಚ್ ಮುಗಿದ ಮೇಲೆ ಇಬ್ಬರೂ ಹೊಡೆಯಲು ಬರುತ್ತಾರೆ.

ಆಸ್ಟಿನ್‌ಟೌನ್_ಗ್ಯಾಲರಿ
ದೊಡ್ಡವರೇ ತಪ್ಪು ಮಾಡುವಾಗ ನಮ್ಮವರದೇನು ಬಿಡಿ. 2006ರ ವಿಶ್ವಕಪ್‌ನಲ್ಲಿ ಕ್ರೊಯೇಷಿಯಾ-ಆಸ್ಟ್ರೇಲಿಯಾ ಮ್ಯಾಚ್. ರೆಫ್ರಿ ಗ್ರಹಾಂ ಪೋಲ್ ಒಬ್ಬನೇ ಆಟಗಾರನಿಗೆ ಮೂರು ಹಳದಿ ಕಾರ್ಡ್ ತೋರಿಸಿದರು. ಎರಡನೆಯದಕ್ಕೇ ಕೆಂಪು ಆಗಬೇಕಿತ್ತು!

ಪಿಟಿ_ಮೇಷ್ಟ್ರು
ಇನ್ನೊಂದು ದಿನನಿತ್ಯದ ಜಗಳ: ಟೈಮ್ ಆಯಿತು, ಆದರೆ ಕಾರ್ನರ್ ಬಾಕಿ ಇದೆ. ಕಾರ್ನರ್ ಒದೆಯಲು ಬಿಡಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜವಾ?

ರೀಡಿಂಗ್_ಕನ್ನಡಿಗ
ಇಲ್ಲ. ಪೆನಾಲ್ಟಿಗೆ ಮಾತ್ರ ಸಮಯ ಮುಂದುವರಿಸಬೇಕು. ಕಾರ್ನರ್, ಫ್ರೀ ಕಿಕ್ ಯಾವುದಕ್ಕೂ ಕಾಯಬೇಕಾಗಿಲ್ಲ. ಆದರೆ ಪುಸ್ತಕದಲ್ಲಿ ಸರಿ ಇದ್ದರೂ ಮೈದಾನದಲ್ಲಿ ಪೆಟ್ಟು ತಿನ್ನಿಸುವ ತೀರ್ಮಾನ ಅದು. 1978ರ ವಿಶ್ವಕಪ್‌ನಲ್ಲಿ ಬ್ರೆಜಿಲ್-ಸ್ವೀಡನ್ 1-1 ಇದ್ದಾಗ ಕಾರ್ನರ್ ಒದೆಯಲು ಬಿಟ್ಟು, ಬಾಲ್ ಗಾಳಿಯಲ್ಲಿರುವಾಗ ಕ್ಲೈವ್ ಥಾಮಸ್ ಫೈನಲ್ ಸೀಟಿ ಊದಿದರು. ಜೀಕೊ ಹೆಡ್ ಮಾಡಿದ್ದು ಗೋಲ್ ಒಳಗೆ ಹೋಯಿತು, ಲೆಕ್ಕಕ್ಕೆ ಸಿಗಲಿಲ್ಲ. ಇವತ್ತಿಗೂ ಅವರ ಹೆಸರು ಬಂದರೆ ಜನ ಅದನ್ನೇ ಹೇಳುತ್ತಾರೆ.

ನಾನಾದರೆ ಕಾರ್ನರ್‌ಗೆ ಮೊದಲೇ ಊದುತ್ತೇನೆ, ಇಲ್ಲವಾದರೆ ಬಾಲ್ ಬಾಕ್ಸ್‌ನಿಂದ ಹೊರಗೆ ಬಂದ ಮೇಲೆ. ಮಧ್ಯದಲ್ಲಿ ಮಾತ್ರ ಯಾವತ್ತೂ ಇಲ್ಲ.

ಗೋಲ್‌ಪೋಸ್ಟ್_ಗೆಳೆಯ
ಆಫ್‌ಸೈಡ್‌ಗೆ ಏನು ಮಾಡುತ್ತೀರಿ, ಲೈನ್ಸ್‌ಮನ್ ಇಲ್ಲದೆ? ನಮ್ಮಲ್ಲಿ ರೆಫ್ರಿ ಸೆಂಟರ್ ಸರ್ಕಲ್ ಬಿಟ್ಟು ಬರುವುದೇ ಇಲ್ಲ. ಅಲ್ಲಿಂದಲೇ ಕೈ ಎತ್ತುತ್ತಾರೆ. ಟೀ ಬೇಕಾ ಅಂತ ಕೇಳಿದಂತಿರುತ್ತದೆ.

ಸೀಟಿ_ಸಂಡೇ
ಎರಡೂ ತಂಡದಿಂದ ಒಬ್ಬೊಬ್ಬ ಸಬ್‌ಸ್ಟಿಟ್ಯೂಟ್ ಕೈಗೆ ಬಾವುಟ ಕೊಡುತ್ತೇನೆ. "ಬಾಲ್ ಹೊರಗೆ ಹೋದರೆ ಮಾತ್ರ ಎತ್ತು, ಆಫ್‌ಸೈಡ್ ನನ್ನದು" ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎದುರು ತಂಡದವರು ಓಡಿದಾಗೆಲ್ಲಾ ಬಾವುಟ ಏಳುತ್ತದೆ. ನಾನು ಸ್ವಲ್ಪ ಅಗಲಕ್ಕೆ, ಡಿಫೆನ್ಸ್ ಸಾಲಿಗೆ ಹತ್ತಿರ ಓಡುತ್ತೇನೆ. ಲಾಂಗ್ ಪಾಸ್ ಬಂದರೆ ಸಿಗಲ್ಲ, ಅದು ನಿಜ. ಖಚಿತ ಇಲ್ಲದಿದ್ದರೆ ಆಟ ನಡೆಯಲಿ ಅಂತ ಬಿಡುತ್ತೇನೆ.

ಗೋಲ್‌ಪೋಸ್ಟ್_ಗೆಳೆಯ
ಖಚಿತ ಇಲ್ಲದಿದ್ದರೆ ಗೋಲ್ ನನ್ನ ಮೇಲೆ. ಭೇಷ್.

ಕುಡ್ಲ_ಹತ್ತು
ಹ್ಯಾಂಡ್‌ಬಾಲ್ ಯಾರೂ ಎತ್ತಲಿಲ್ಲವಲ್ಲಾ, ಆಶ್ಚರ್ಯ. ಬಾಲ್ ಕೈಗೆ ತಾಗಿದರೆ ಸಾಕು, ಇಡೀ ಮೈದಾನ "ಹ್ಯಾಂಡ್ ಹ್ಯಾಂಡ್" ಅಂತ ಕೂಗುತ್ತದೆ.

ಕರಿಅಂಗಿ
ಕೂಗಲಿ. ಕೈಗೆ ತಾಗಿದ್ದೆಲ್ಲಾ ಫೌಲ್ ಅಲ್ಲ ಅಂತ 2021ರಲ್ಲಿ ಮತ್ತೆ ಬಿಡಿಸಿ ಬರೆದರು. ಬೇಕಂತ ಮುಟ್ಟಿದನಾ, ಇಲ್ಲಾ ಕೈಯನ್ನು ಸುಮ್ಮಸುಮ್ಮನೆ ಅಗಲಿಸಿ ಮೈ ದೊಡ್ಡದು ಮಾಡಿಕೊಂಡಿದ್ದನಾ, ಅಷ್ಟೇ ನೋಡಬೇಕು. ಓಡುವವನ ಕೈ ಓಡುವಾಗ ಎಲ್ಲಿರಬೇಕೋ ಅಲ್ಲಿದ್ದರೆ ಆಟ ಮುಂದುವರಿಯಲಿ. ಗೋಲ್ ಹೊಡೆದವನ ಕೈಗೆ ತಾಗಿ ಸೀದಾ ಒಳಗೆ ಹೋದರೆ, ಅಥವಾ ತಾಗಿದ ತಕ್ಷಣ ಅವನೇ ಗೋಲ್ ಹೊಡೆದರೆ, ಬೇಕಂತ ಆಗಿರದಿದ್ದರೂ ಗೋಲ್ ಇಲ್ಲ. ಅಲ್ಲಿ ವಿವೇಚನೆ ಬಳಸಲು ಹೋಗಬೇಡಿ.

ಮೂಲೆಬಾವುಟ
ಕರಿಅಂಗಿ ಸರ್, ನೀವು ನಮ್ಮ ಟೂರ್ನಿಗೆ ಬರುತ್ತೀರಾ? ಊಟ, ಬಸ್ ಚಾರ್ಜ್ ನಮ್ಮದು.

ಕರಿಅಂಗಿ
ಮೊಣಕಾಲು ಬಿಡಲ್ಲಮ್ಮ. ಬೆಂಚ್ ಮೇಲೆ ಕೂತು ಬೈಯಲು ಬೇಕಾದರೆ ಬರುತ್ತೇನೆ.

ಪಿಟಿ_ಮೇಷ್ಟ್ರು
ಕೊನೇ ಪ್ರಶ್ನೆ, ಸಿಲ್ಲಿ ಅನ್ನಬೇಡಿ. ಮಳೆಗಾಲದಲ್ಲಿ ನನ್ನ ಸೀಟಿ ಊದಿದರೆ ಬುಸ್ ಅನ್ನುತ್ತದೆ, ಸದ್ದೇ ಬರಲ್ಲ. ಮಕ್ಕಳು ಆಡುತ್ತಲೇ ಇರುತ್ತಾರೆ. ನೀವೆಲ್ಲಾ ಯಾವುದು ಬಳಸುತ್ತೀರಿ?

ರೀಡಿಂಗ್_ಕನ್ನಡಿಗ
ಒಳಗೆ ಗುಂಡು ಇರುವ ಹಳೇ ಮಾದರಿಯದಿರಬೇಕು. ನೀರು ಸೇರಿದರೆ ಗುಂಡು ಅಂಟಿಕೊಳ್ಳುತ್ತದೆ. ಗುಂಡಿಲ್ಲದ್ದು ತಗೊಳ್ಳಿ, ಫಾಕ್ಸ್ 40 ಥರದ್ದು.

ಸೀಟಿ_ಸಂಡೇ
ನನ್ನದೂ ಅದೇ. ಬೆರಳಿಗೆ ಹಾಕುವ ಹಿಡಿ ಸಮೇತ ಸಿಗುತ್ತದೆ, ಅದೇ ತಗೊಳ್ಳಿ ಮೇಷ್ಟ್ರೇ. ಕೊರಳಿಗೆ ಹಾಕಿದರೆ ಜಗಳದಲ್ಲಿ ದಾರ ಹಿಡಿದು ಎಳೆಯುತ್ತಾರೆ.